ಟೋಯಿಂಗ್ ಗಾಡಿಗೆ ಕಿಲೋಮೀಟರ್ ಲೆಕ್ಕ ಸಾಲದು, ಗಂಟೆ ಲೆಕ್ಕ ಇಡಿ

ಪ್ರಶ್ನೆ: ಸಕಲೇಶಪುರದಲ್ಲಿ ನನ್ನದು ಟೋಯಿಂಗ್ ಕೆಲಸ. 2018ರ ಗಾಡಿ, ಸೆಕೆಂಡ್ ಹ್ಯಾಂಡ್ ತಗೊಂಡು ಮೂರು ವರ್ಷ ಆಯ್ತು. ಹಿಂದಕ್ಕೆ ಜಾರುವ ಬೆಡ್, ರೋಪ್ ಸುತ್ತಿ ಗಾಡಿ ಎಳೆಯುವ ವಿಂಚ್, ಜೊತೆಗೆ ಚಕ್ರ ಎತ್ತುವ ಅಂಡರ್‌ಲಿಫ್ಟ್ ಇದೆ. ಹೆಚ್ಚಾಗಿ ಶಿರಾಡಿ ಘಾಟಿಯಲ್ಲಿ ಕೆಟ್ಟು ನಿಂತ ಕಾರು, ಜೀಪು ತರುತ್ತೇನೆ. ದಿನಕ್ಕೆ ಎರಡು ಕೆಲಸ ಸಿಗುತ್ತದೆ. ವರ್ಷಕ್ಕೆ 18 ಸಾವಿರ ಕಿ.ಮೀ. ಮಾತ್ರ ಓಡುತ್ತದೆ. ಸರ್ವಿಸ್ ಪುಸ್ತಕದಲ್ಲಿ ಇರುವ ಹಾಗೆ 20 ಸಾವಿರಕ್ಕೊಮ್ಮೆ ಆಯಿಲ್ ಬದಲಾಯಿಸುತ್ತೇನೆ, ಒಂದು ಸಲವೂ ತಪ್ಪಿಸಿಲ್ಲ. ಆದರೂ 14 ತಿಂಗಳಲ್ಲಿ ಎರಡು ಸಲ ಕ್ಲಚ್ ಹೋಯ್ತು. ಹೋದ ಮಳೆಗಾಲದಲ್ಲಿ ಗುಂಡ್ಯ ಕಡೆ ಇಳಿಯುವಾಗ ಬ್ರೇಕ್ ಪೆಡಲ್ ತಳಕ್ಕೆ ಹೋಯ್ತು. ಹೇಗೋ ಬದಿಗೆ ನಿಲ್ಲಿಸಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಪೆಡಲ್ ಮಾಮೂಲಿನಂತೆ ಇತ್ತು. ಈಗ ಬೆಡ್ ಎತ್ತೋದೂ ನಿಧಾನ ಆಗಿದೆ. ಗ್ಯಾರೇಜಿನವರು ‘ಗಾಡಿ ಸರಿಯಿಲ್ಲ, ಮಾರಿಬಿಡಿ’ ಅನ್ನುತ್ತಾರೆ. ಮಾರಿಬಿಡಲಾ?

ಉತ್ತರ: ಮಾರಬೇಡಿ. ಸದ್ಯಕ್ಕಂತೂ ಬೇಡ. ಗಾಡಿಯಲ್ಲಿ ಏನೂ ದೋಷ ಇಲ್ಲ ಅಂತ ಇಲ್ಲಿ ಕೂತು ಹೇಳಲಾರೆ. ಆದರೆ ನಿಮ್ಮ ಲೆಕ್ಕದಲ್ಲಿ ಒಂದು ದೋಷ ಇರೋದು ನಿಮ್ಮ ಪತ್ರದಲ್ಲೇ ಕಾಣುತ್ತಿದೆ. ಅದನ್ನು ಸರಿ ಮಾಡದೆ ಹೊಸ ಗಾಡಿ ತಂದರೂ ಎರಡು ವರ್ಷ ಬಿಟ್ಟು ಇದೇ ಪತ್ರ ಮತ್ತೆ ಬರೆಯುತ್ತೀರಿ.

ನಿಮ್ಮೂರಿನಲ್ಲಿ ಜೆಸಿಬಿ ಇಟ್ಟುಕೊಂಡವರನ್ನು ಕೇಳಿ ನೋಡಿ, ‘ಎಷ್ಟು ಕಿಲೋಮೀಟರಿಗೆ ಆಯಿಲ್ ಬದಲಾಯಿಸ್ತೀರಿ?’ ಅಂತ. ನಕ್ಕುಬಿಡುತ್ತಾರೆ. ಅವರದ್ದೆಲ್ಲ ಗಂಟೆ ಲೆಕ್ಕ. ಟ್ರ್ಯಾಕ್ಟರಿನವರದ್ದೂ ಅಷ್ಟೇ. ನಿಂತಲ್ಲೇ ದುಡಿಯುವ ಇಂಜಿನ್ನಿನ ದುಡಿಮೆ ಕಿ.ಮೀ. ಮೀಟರಿನಲ್ಲಿ ಕಾಣೋದಿಲ್ಲ. ಟೋಯಿಂಗ್ ಗಾಡಿ ಅರ್ಧ ಲಾರಿ, ಅರ್ಧ ಜೆಸಿಬಿ. ನೀವು ಅದನ್ನು ಪೂರ್ತಿ ಲಾರಿ ಅಂದುಕೊಂಡಿದ್ದೀರಿ.

ಲೆಕ್ಕ ಹಾಕಿ ನೋಡೋಣ. ದಿನಕ್ಕೆ ಎರಡು ಕೆಲಸ, ವರ್ಷಕ್ಕೆ 300 ದಿನ ಅಂದರೆ 600 ಕೆಲಸ. ಪ್ರತಿ ಕೆಲಸದಲ್ಲೂ ಗಾಡಿ ನಿಂತಲ್ಲೇ ಇಂಜಿನ್ ಎಷ್ಟು ಹೊತ್ತು ಓಡುತ್ತದೆ? ಜಾಮಿನಲ್ಲಿ ಕಾಯೋದು, ಬೆಡ್ ಇಳಿಸೋದು, ವಿಂಚ್ ಎಳೆಯೋದು, ಬೆಲ್ಟ್ ಬಿಗಿಯೋದು, ಆಮೇಲೆ ಗ್ಯಾರೇಜಿನ ಮುಂದೆ ಇಳಿಸೋದು. ಎಲ್ಲಾ ಸೇರಿ ಒಂದು ಗಂಟೆ ಅಂದರೆ ಜಾಸ್ತಿ ಹೇಳಿದ ಹಾಗೆ ಆಗಲ್ಲ. ಅಲ್ಲಿಗೆ ವರ್ಷಕ್ಕೆ 600 ಗಂಟೆ. ನಿಂತಲ್ಲೇ ಒಂದು ಗಂಟೆ ಓಡಿದ ಇಂಜಿನ್ ಸುಮಾರು 40 ಕಿ.ಮೀ. ಓಡಿದಷ್ಟು ಸವೆಯುತ್ತದೆ ಅಂತ ಈ ಕಸುಬಿನಲ್ಲಿ ಒಂದು ಅಂದಾಜು ಇದೆ. ಹಾಗೆ ನೋಡಿದರೆ 24 ಸಾವಿರ ಕಿ.ಮೀ. ನಿಮ್ಮ ಮೀಟರಿಗೆ ಗೊತ್ತೇ ಇಲ್ಲ. ಮೀಟರಿನ 18 ಸಾವಿರ ಸೇರಿಸಿ. ನಿಮ್ಮ ಇಂಜಿನ್ ವರ್ಷಕ್ಕೆ 42 ಸಾವಿರ ಕಿ.ಮೀ. ದುಡಿದಿದೆ.

ಮೀಟರಿನಲ್ಲಿ 20 ಸಾವಿರ ತುಂಬಲು ನಿಮಗೆ ಹದಿಮೂರು ತಿಂಗಳು ಬೇಕು. ಅಷ್ಟರಲ್ಲಿ ಅದೇ ಆಯಿಲ್ 46 ಸಾವಿರ ಕಿ.ಮೀ.ಯ ಕೆಲಸ ಮಾಡಿರುತ್ತದೆ. ಅದರಲ್ಲೂ ಓಡಿದ ದಾರಿಯಲ್ಲಿ ಅರ್ಧದಷ್ಟು ಲೋಡ್ ಹೊತ್ತು, ಮೊದಲನೇ ಎರಡನೇ ಗೇರಿನಲ್ಲಿ ದೋಣಿಗಾಲ್ ಕಡೆಗೆ ಹತ್ತಿದ್ದು. ನೀವು ಸರ್ವಿಸ್ ತಪ್ಪಿಸಿಲ್ಲ ಅನ್ನೋದು ನಿಜ. ಆದರೆ ಗಾಡಿಯ ಪಾಲಿಗೆ ಎರಡರಲ್ಲಿ ಒಂದು ಸರ್ವಿಸ್ ತಪ್ಪಿಹೋಗಿದೆ.

ಇನ್ನೊಂದು ಮಾತು. ಸರ್ವಿಸ್ ಪುಸ್ತಕದ ಹಿಂದಿನ ಪುಟಗಳನ್ನು ಯಾರೂ ಓದಲ್ಲ. ಎಷ್ಟೋ ಕಂಪನಿಗಳ ಪುಸ್ತಕದಲ್ಲಿ ಕಠಿಣ ಬಳಕೆಗೆ ಅಂತಲೇ ಬೇರೆ ಪಟ್ಟಿ ಇರುತ್ತದೆ. ಗುಡ್ಡಗಾಡು, ಧೂಳು, ಜಾಸ್ತಿ ಹೊತ್ತು ನಿಂತಲ್ಲೇ ಓಡಿಸೋದು, ಬೇರೆ ಗಾಡಿ ಎಳೆಯೋದು ಎಲ್ಲಾ ಅದರಲ್ಲಿ ಬರುತ್ತದೆ. ಅಲ್ಲಿ ಅವಧಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಿಮ್ಮ ಕೆಲಸದಲ್ಲಿ ಈ ನಾಲ್ಕೂ ಇವೆ.

ಹಾಗಾಗಿ ಮೊದಲು ಇಂಜಿನ್ ಓಡಿದ ಗಂಟೆ ತೋರಿಸುವ ಒಂದು ಅವರ್ ಮೀಟರ್ ಹಾಕಿಸಿ. ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿ. ದೊಡ್ಡ ಖರ್ಚಿನ ಸಾಮಾನಲ್ಲ. ಎಲೆಕ್ಟ್ರಿಷಿಯನ್ ಒಂದು ತಾಸಿನಲ್ಲಿ ಕೂರಿಸುತ್ತಾನೆ. ಇಗ್ನಿಷನ್ ಆನ್ ಆದ ತಕ್ಷಣ ಓಡುವ ಹಾಗೆ ಕೊಡಬಾರದು, ಇಂಜಿನ್ ಸ್ಟಾರ್ಟ್ ಆದಾಗ ಮಾತ್ರ ಓಡುವ ಹಾಗೆ ವೈರ್ ಕೊಡಲು ಹೇಳಿ. ನಿಮ್ಮ ಗಾಡಿ ನಿಂತು 600 ಗಂಟೆ, ಓಡಿ ಇನ್ನೊಂದು 600 ಗಂಟೆ ಅಂದುಕೊಂಡರೆ ವರ್ಷಕ್ಕೆ 1,200 ಗಂಟೆ. 300 ಗಂಟೆಗೊಮ್ಮೆ ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್ ಎರಡೂ ಬದಲಾಯಿಸಿ. ಮೂರು ತಿಂಗಳಿಗೊಂದು ಬಂತು. ಖರ್ಚು ಜಾಸ್ತಿ ಅನ್ನಿಸಬಹುದು. ಎರಡು ಕ್ಲಚ್‌ಗೆ ಕೊಟ್ಟ ದುಡ್ಡು, ಗಾಡಿ ನಿಂತ ದಿನಗಳ ಬಾಡಿಗೆ ಪಕ್ಕದಲ್ಲಿ ಬರೆದು ನೋಡಿ.

ಆಯಿಲ್ ಯಾವುದು ಅಂತ ಅಂಗಡಿಯವರನ್ನು ಕೇಳಬೇಡಿ, ಪುಸ್ತಕ ನೋಡಿ. ನಿಮ್ಮದು ಬಿಎಸ್-4 (ಹೊಗೆಯ ಮಾನದಂಡ) ಗಾಡಿ. ಆಯಿಲ್ ಎಷ್ಟು ಗಟ್ಟಿ ಅನ್ನುವ ನಂಬರ್ ಸಾಮಾನ್ಯವಾಗಿ 15ಡಬ್ಲ್ಯೂ-40 ಇರುತ್ತದೆ. ಅದರ ಜೊತೆಗೆ ಬರೆದಿರುವ ಗ್ರೇಡ್ ಕೂಡ ಹೊಂದಬೇಕು. ಮುಂದೆ ಬಿಎಸ್-6 ಗಾಡಿ ತಗೊಂಡರೆ ಇದು ಇನ್ನೂ ಮುಖ್ಯ. ಅದರ ಸೈಲೆನ್ಸರಿನ ಫಿಲ್ಟರಿಗೆ ಹಳೇ ನಮೂನೆ ಆಯಿಲ್ ಆಗಿಬರಲ್ಲ, ಕಟ್ಟಿಕೊಳ್ಳುತ್ತದೆ. ನಿಂತಲ್ಲೇ ಜಾಸ್ತಿ ಓಡಿದರೂ ಅದು ಕಟ್ಟಿಕೊಳ್ಳುತ್ತದೆ. ಟೋಯಿಂಗಿನವರಿಗೆ ಅದೊಂದು ಹೊಸ ತಲೆನೋವು.

ಏರ್ ಫಿಲ್ಟರ್ ಬಗ್ಗೆ ಒಂದೇ ಮಾತು. ಅದನ್ನು ತೆಗೆದು ಟೈರಿಗೆ ಪಟಪಟ ಹೊಡೆಯುವ ಅಭ್ಯಾಸ ನಮ್ಮ ಡ್ರೈವರುಗಳಿಗೆ ಎಲ್ಲಿಂದ ಬಂತೋ! ಧೂಳು ಬೀಳುತ್ತದೆ, ನಿಜ. ಜೊತೆಗೆ ಪೇಪರಿನ ಮಡಿಕೆ ಬಿರಿಯುತ್ತದೆ, ಅಂಚಿನ ರಬ್ಬರ್ ಸೊಟ್ಟ ಆಗುತ್ತದೆ. ಆ ಸಂದಿಯಿಂದ ಹೋದ ಧೂಳು ನೇರ ಇಂಜಿನ್ನಿಗೆ ಗಾಳಿ ತುರುಕುವ ಟರ್ಬೋಗೆ. ಕಟ್ಟಿಕೊಂಡರೆ ಹೊಸದು ಹಾಕಿ.

ಈಗ ಕ್ಲಚ್. ಮೊದಲನೇ ಕ್ಲಚ್ ಹೋಗಿದ್ದಕ್ಕೆ ನೂರು ಕಾರಣ ಇರಬಹುದು, ಹಿಂದಿನ ಮಾಲೀಕರ ಕಾಲದಲ್ಲೇ ಸವೆದಿರಬಹುದು. ಎರಡನೆಯದು ಅಷ್ಟು ಬೇಗ ಹೋಗಿದ್ದೇ ನನಗೆ ಅನುಮಾನ. ಹೊಸ ಪ್ಲೇಟ್ ಬೇಗ ಹೋಯ್ತು ಅಂದರೆ ನಾನು ಮೊದಲು ನೋಡೋದು ಫ್ಲೈವೀಲ್, ಅಂದರೆ ಕ್ಲಚ್ ಪ್ಲೇಟ್ ಒತ್ತಿ ಕೂರುವ ಇಂಜಿನ್ ಕಡೆಯ ಚಕ್ರ. ಅದರ ಮುಖದ ಮೇಲೆ ನೀಲಿ ಕಲೆ, ಕೂದಲೆಳೆಯಂಥ ಬಿರುಕು, ತಟ್ಟೆಯಲ್ಲಿ ಗೆರೆ ಎಳೆದಂಥ ಗೀರು ಇದ್ದರೆ ಅದು ಸುಟ್ಟಿದೆ ಅಂತ ಅರ್ಥ. ಅದನ್ನು ಲೇತ್‌ಗೆ ಕೊಟ್ಟು ಮುಖ ಹೊಡೆಸದೆ ಹೊಸ ಪ್ಲೇಟ್ ಹಾಕಿದರೆ ಪ್ಲೇಟ್ ಪೂರ್ತಿ ಕೂರಲ್ಲ. ಎತ್ತರದ ಜಾಗಗಳಲ್ಲಿ ಮಾತ್ರ ಹಿಡಿಯುತ್ತದೆ, ಅಲ್ಲೇ ಸುಡುತ್ತದೆ. ಎಷ್ಟೋ ಕಡೆ ‘ಸಂಜೆಗೆ ಗಾಡಿ ಬೇಕು’ ಅನ್ನುವ ಅವಸರಕ್ಕೆ ಈ ಕೆಲಸ ಬಿಟ್ಟುಬಿಡುತ್ತಾರೆ. ಅವಸರ ಮಾಡೋದು ನಾವೇ, ಬೈಸಿಕೊಳ್ಳೋದು ಗಾಡಿ. ಎರಡನೇದಾಗಿ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್. ಅದು ಒಸರುತ್ತಿದ್ದರೆ ಪ್ಲೇಟಿಗೆ ಎಣ್ಣೆ ತಾಗಿ ಜಾರುತ್ತದೆ. ಕ್ಲಚ್ ಹೌಸಿಂಗಿನ ಕೆಳಗೆ ಕೈ ಆಡಿಸಿ ನೋಡಿ, ಜಿಡ್ಡು ಹತ್ತಿತೇ ಅಂತ.

ಇವೆರಡೂ ಸರಿ ಇದ್ದರೆ ಉಳಿಯೋದು ಕಾಲು. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಕಾಲೋ ಡ್ರೈವರ್ ಹುಡುಗನ ಕಾಲೋ ನನಗೆ ಗೊತ್ತಿಲ್ಲ. ಟೋಯಿಂಗ್ ಕೆಲಸದಲ್ಲಿ ಕ್ಲಚ್ ಸುಡೋದು ರಸ್ತೆಯಲ್ಲಿ ಅಲ್ಲ, ಲೋಡ್ ಮಾಡುವ ಜಾಗದಲ್ಲಿ. ಏರಿನಲ್ಲಿ ರಿವರ್ಸ್ ತಗೊಂಡು ಇನ್ನೊಂದು ಅಡಿ, ಇನ್ನರ್ಧ ಅಡಿ ಅಂತ ಹಾಫ್ ಕ್ಲಚ್‌ನಲ್ಲೇ ಗಾಡಿ ಹಿಡಿದು ನಿಲ್ಲಿಸೋದು. ಆ ಎರಡು ನಿಮಿಷ ಘಾಟಿ ಹತ್ತಿದ್ದಕ್ಕಿಂತ ಜಾಸ್ತಿ ತಿನ್ನುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡ ಕೊಟ್ಟು, ಉಳಿದ ಅಡಿಯನ್ನು ವಿಂಚ್‌ಗೆ ಬಿಡಿ. ಅದಕ್ಕೇ ತಾನೇ ವಿಂಚ್ ಇರೋದು? ಇನ್ನೊಂದು, ಪಿಟಿಒ (ಇಂಜಿನ್ನಿನ ಶಕ್ತಿಯನ್ನು ಬೆಡ್ಡಿನ ಹೈಡ್ರಾಲಿಕ್ ಪಂಪಿಗೆ ಕೊಡುವ ಗೇರ್) ಹಾಕುವಾಗ, ತೆಗೆಯುವಾಗ ಮಾತ್ರ ಕ್ಲಚ್ ಒತ್ತಬೇಕು. ಕೆಲವರು ಬೆಡ್ ಏಳುವಷ್ಟು ಹೊತ್ತೂ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಕೂರುತ್ತಾರೆ. ರಿಲೀಸ್ ಬೇರಿಂಗ್ ಸುಮ್ನೆ ಹಾಳಾಗುತ್ತದೆ. ಬೆಡ್ ಕೆಳಗಿಳಿದ ಮೇಲೆ ಪಿಟಿಒ ತೆಗೆಯಲು ಮರೆತು ಹೊರಡೋದಂತೂ ಇನ್ನೂ ಕೆಟ್ಟದ್ದು. ಡ್ಯಾಶ್‌ಬೋರ್ಡಿನಲ್ಲಿ ಅದಕ್ಕೊಂದು ಕೆಂಪು ದೀಪ ಇರಬೇಕು. ಬಲ್ಬ್ ಸುಟ್ಟಿದ್ದರೆ ಇವತ್ತೇ ಹಾಕಿಸಿ.

ಕ್ಲಚ್ ವಿಷಯ ಬಂದಾಗ ತೂಕವನ್ನೂ ನೋಡಬೇಕು. ಖಾಲಿ ಗಾಡಿಯನ್ನು ಒಂದು ಸಲ ವೇಬ್ರಿಡ್ಜ್ ಮೇಲೆ ನಿಲ್ಲಿಸಿ. ಪೂರ್ತಿ ತೂಕ ತಗೊಳ್ಳಿ. ಆಮೇಲೆ ಮುಂದಿನ ಚಕ್ರ ಮಾತ್ರ ನಿಲ್ಲಿಸಿ ಒಂದು, ಹಿಂದಿನದು ಮಾತ್ರ ನಿಲ್ಲಿಸಿ ಒಂದು. ಮೂರು ಚೀಟಿ ಆರ್‌ಸಿ ಜೊತೆ ಇಟ್ಟುಕೊಳ್ಳಿ. ಆರ್‌ಸಿಯಲ್ಲಿ ಇರುವ ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆದರೆ ಉಳಿದದ್ದು ಮಾತ್ರ ನಿಮ್ಮದು. ಬೆಡ್, ವಿಂಚ್, ಹೈಡ್ರಾಲಿಕ್ ಟ್ಯಾಂಕ್, ಅಂಡರ್‌ಲಿಫ್ಟ್ ಎಲ್ಲಾ ಸೇರಿ ಎಷ್ಟು ನುಂಗಿವೆ ಅಂತ ಆಗ ಗೊತ್ತಾಗುತ್ತದೆ. ತುಂಬಾ ಜನಕ್ಕೆ ಆ ಚೀಟಿ ನೋಡಿದ ಮೇಲೆ ಗಾಬರಿ ಆಗಿದೆ.

ಅಂಡರ್‌ಲಿಫ್ಟಿನದ್ದು ಇನ್ನೊಂದು ಲೆಕ್ಕ. ಅದು ತಕ್ಕಡಿ ಇದ್ದ ಹಾಗೆ, ಹಿಂದಿನ ಆಕ್ಸಲ್ ಅದರ ನಡುವಿನ ಆಸರೆ. ನಿಮ್ಮ ಗಾಡಿಯ ಎರಡು ಆಕ್ಸಲ್ ನಡುವೆ 3.2 ಮೀಟರ್ ಅಂದುಕೊಳ್ಳಿ. ಹಿಂದಿನ ಆಕ್ಸಲ್‌ನಿಂದ 1.6 ಮೀಟರ್ ಹಿಂದಕ್ಕೆ ಒಂದು ಜೀಪಿನ ಮುಂಭಾಗ ಎತ್ತಿದ್ದೀರಿ, ಅದರ ತೂಕ 900 ಕಿಲೋ. 900 ಗುಣಿಸು 1.6, ಭಾಗಿಸು 3.2. ಬಂದದ್ದು 450. ಅಂದರೆ ನಿಮ್ಮ ಮುಂದಿನ ಚಕ್ರಗಳ ಮೇಲಿಂದ 450 ಕಿಲೋ ಎದ್ದುಹೋಯ್ತು. ಹಿಂದಿನ ಆಕ್ಸಲ್ ಮೇಲೆ ಬಿದ್ದದ್ದು 900 ಅಲ್ಲ, 1,350. ಸ್ಟೇರಿಂಗ್ ಹಗುರ ಆಯ್ತು ಅಂತ ಖುಷಿ ಪಡುವ ವಿಷಯ ಅಲ್ಲ ಅದು. ಮಳೆಯಲ್ಲಿ ತಿರುವು ಬಂದಾಗ ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಖಾಲಿ ಇದ್ದಾಗ ಮುಂದಿನ ಆಕ್ಸಲ್ ಮೇಲೆ ಎಷ್ಟು ತೂಕ ಇತ್ತೋ, ಎತ್ತಿದ ಮೇಲೂ ಅದರ ಅರ್ಧವಾದರೂ ಉಳಿಯಬೇಕು ಅನ್ನೋದು ಟೋಯಿಂಗಿನವರ ನಿಯಮ. ನಾನಾದರೆ ಘಾಟಿಯಲ್ಲಿ ಅರ್ಧದ ಹತ್ತಿರಕ್ಕೂ ಹೋಗಲ್ಲ. ಬೆಡ್ ಮೇಲೊಂದು, ಹಿಂದೆ ನೇತುಹಾಕಿ ಇನ್ನೊಂದು ಅಂತ ಒಂದೇ ಟ್ರಿಪ್ಪಿನಲ್ಲಿ ಎರಡು ಗಾಡಿ ತರೋದಿದ್ದರೆ ಈ ಲೆಕ್ಕ ಮೊದಲು ಹಾಕಿ.

ಹೀಗೆ ಭಾರ ಎಲ್ಲಾ ಹಿಂದಕ್ಕೆ ಬೀಳುವ ಗಾಡಿಯಲ್ಲಿ ಸ್ಪ್ರಿಂಗ್ ಪ್ಲೇಟು, ಅದನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟು, ಹಿಂದಿನ ಆಕ್ಸಲ್ ನಡುವಿನ ಗೇರ್ ಆದ ಕ್ರೌನ್, ಒಳಗಿನ ಹಿಂದಿನ ಟೈರು ಇವೇ ಮೊದಲು ಸೋಲೋದು. ಯು-ಬೋಲ್ಟನ್ನು ಆರು ತಿಂಗಳಿಗೊಮ್ಮೆ ಬಿಗಿ ಮಾಡಿಸಿ. ಅದು ಸಡಿಲ ಆದರೆ ಮೇನ್ ಪ್ಲೇಟ್ ನಟ್ಟನಡುವೆ ಕಟ್ ಆಗುತ್ತದೆ. ಕ್ರೌನ್ ಆಯಿಲ್ ತೆಗೆಸುವಾಗ ಪಕ್ಕದಲ್ಲಿ ನಿಂತು ನೋಡಿ. ಡ್ರೈನ್ ಬೋಲ್ಟಿನ ಮ್ಯಾಗ್ನೆಟ್ ಮೇಲೆ ಕಪ್ಪು ಪೇಸ್ಟ್ ಇದ್ದರೆ ಮಾಮೂಲು. ಚೂರು ಚೂರು ಕಬ್ಬಿಣ ಇದ್ದರೆ ಹಲ್ಲು ಹೋಗುತ್ತಿದೆ. ಎಣ್ಣೆ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ಬಂದಿದ್ದರೆ ನೀರು ಸೇರಿದೆ. ಹೌಸಿಂಗ್ ಮೇಲೆ ಬ್ರೀದರ್ ಅಂತ ಒಂದು ಸಣ್ಣ ಮೂತಿ ಇರುತ್ತದೆ, ಕೆಸರು ಮೆತ್ತಿ ಮುಚ್ಚಿರುತ್ತದೆ. ಅದು ಮುಚ್ಚಿದರೆ ಒಳಗೆ ಬಿಸಿಯ ಒತ್ತಡ ಹೆಚ್ಚಿ ಸೀಲ್‌ನಿಂದ ಎಣ್ಣೆ ಹೊರಗೆ ಬರುತ್ತದೆ. ಜನ ಸೀಲ್ ಮೇಲೆ ಸೀಲ್ ಬದಲಾಯಿಸುತ್ತಾರೆ, ಆ ಮೂತಿ ಒರೆಸಲ್ಲ. ಗೇರ್ ಬಾಕ್ಸಿಗೂ ಕ್ರೌನಿಗೂ ಒಂದೇ ಡಬ್ಬದ ಎಣ್ಣೆ ಸುರಿಯಬೇಡಿ. ಎರಡರ ಮೇಲೂ 80ಡಬ್ಲ್ಯೂ-90 ಅಂತಲೇ ಇರಬಹುದು, ಆದರೆ ಕ್ರೌನಿಗೆ ಹಾಕುವ ಜಿಎಲ್-5 ಎಣ್ಣೆ ಗೇರ್ ಬಾಕ್ಸಿನ ಹಿತ್ತಾಳೆ ರಿಂಗುಗಳಿಗೆ ಒಗ್ಗದೆ ಇರಬಹುದು. ಪುಸ್ತಕ ನೋಡಿ ಹಾಕಿ.

ಬ್ರೇಕ್ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಹೆದರಿಕೆ ಆಗಿದ್ದು ಅದೇ. ‘ಅರ್ಧ ಗಂಟೆ ಬಿಟ್ಟು ಪೆಡಲ್ ಮಾಮೂಲಿನಂತೆ ಇತ್ತು’ ಅಂದಿರಲ್ಲ, ಅದೇ ಸುಳಿವು. ಮಾಸ್ಟರ್ ಸಿಲಿಂಡರ್ ಕೆಟ್ಟಿದ್ದರೆ ಅಥವಾ ಪೈಪ್ ಒಡೆದಿದ್ದರೆ ತಣ್ಣಗಾದ ಮಾತ್ರಕ್ಕೆ ಸಾಮಾನ್ಯವಾಗಿ ಹಾಗೆ ಸರಿ ಹೋಗಲ್ಲ. ನಿಮ್ಮ ಬ್ರೇಕ್ ಆಯಿಲ್ ಕುದ್ದಿರುವ ಸಾಧ್ಯತೆಯೇ ಜಾಸ್ತಿ. ಕುದ್ದಾಗ ಗುಳ್ಳೆ ಏಳುತ್ತದೆ, ಪೆಡಲ್ ಒತ್ತಿದರೆ ಗುಳ್ಳೆ ಕುಗ್ಗುತ್ತದೆಯೇ ಹೊರತು ಲೈನರ್ ಡ್ರಮ್ಮಿಗೆ ತಾಗಲ್ಲ. ತಣ್ಣಗಾದ ಮೇಲೆ ಗುಳ್ಳೆ ಕರಗಿ ಪೆಡಲ್ ವಾಪಸ್ ಬರುತ್ತದೆ. ಗ್ಯಾರೇಜಿಗೆ ತಂದು ತೋರಿಸುವಷ್ಟರಲ್ಲಿ ಎಲ್ಲಾ ಸರಿಯಾಗಿರುತ್ತದೆ, ‘ಏನೂ ಇಲ್ಲ ಹೋಗಿ’ ಅಂತ ಕಳಿಸುತ್ತಾರೆ.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತದೆ. ಮಲೆನಾಡಿನಲ್ಲಿ ತೇವಕ್ಕೆ ಬರವೇ? ಹೊಸ ಡಾಟ್-3 ಆಯಿಲ್ ಕಡಿಮೆ ಅಂದರೂ 205 ಡಿಗ್ರಿ ತನಕ ಕುದಿಯಬಾರದು ಅನ್ನೋದು ಮಾನದಂಡ. ತೇವ ಹೀರಿದ ಮೇಲೆ ಅದೇ ಅಂಕಿ 140ಕ್ಕೆ ಇಳಿಯುತ್ತದೆ. ಡಾಟ್-4 ಆದರೆ 230 ಇದ್ದದ್ದು 155. ಲೋಡ್ ಹೊತ್ತು ಘಾಟಿ ಇಳಿಯುವಾಗ ಡ್ರಮ್ ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಪುಸ್ತಕದಲ್ಲಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಇದ್ದರೂ ನೀವು ವರ್ಷಕ್ಕೊಮ್ಮೆ ಬದಲಾಯಿಸಿ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ. ಮೇಲಿಂದ ತುಂಬಿಸೋದಲ್ಲ. ನಾಲ್ಕೂ ಚಕ್ರದಲ್ಲಿ ಹಳೇದು ಪೂರ್ತಿ ಹೋಗಿ ಹೊಸದು ಬರುವ ತನಕ ಬ್ಲೀಡ್ ಮಾಡಿಸಬೇಕು. ಅರ್ಧ ಉಳಿದ, ಮುಚ್ಚಳ ತೆಗೆದಿಟ್ಟ ಡಬ್ಬ ಹಾಕಲು ಬಿಡಬೇಡಿ. ಅದು ಶೆಲ್ಫಿನಲ್ಲೇ ತೇವ ಕುಡಿದಿರುತ್ತದೆ.

ಓಡಿಸುವ ರೀತಿಯೂ ನಿರ್ವಹಣೆಯೇ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಅಂತ ಹಳೇ ಲಾರಿ ಡ್ರೈವರುಗಳು ಹೇಳುತ್ತಿದ್ದರು. ಅವರ ಮಾತಿಗೆ ಸೇರಿಸಲು ನನ್ನ ಹತ್ತಿರ ಜಾಸ್ತಿ ಏನಿಲ್ಲ. ಇಳಿಜಾರು ಶುರು ಆಗುವ ಮುಂಚೆಯೇ ಗೇರ್ ಇಳಿಸಿ. ಹೊಗೆ ದಾರಿ ತಡೆದು ಇಂಜಿನ್ನಿನಿಂದಲೇ ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಇದ್ದರೆ ಬಳಸಿ. ಪೆಡಲ್ ಮೇಲೆ ಕಾಲು ಇಟ್ಟುಕೊಂಡೇ ಇಳಿಯಬೇಡಿ. ಒಮ್ಮೆ ಸರಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ, ತಣ್ಣಗಾಗಲಿ. ನೀವು ಇಷ್ಟರಲ್ಲೇ ಲೈನರ್ ಬಿಚ್ಚಿಸಿ ನೋಡಬೇಕು. ಒಮ್ಮೆ ಅಷ್ಟು ಕಾದ ಲೈನರ್ ಗಾಜಿನಂತೆ ಹೊಳೆಯುತ್ತಿರುತ್ತದೆ, ಹಿಡಿಯಲ್ಲ. ಡ್ರಮ್ಮಿನಲ್ಲಿ ಬಿರುಕು ಇದೆಯಾ ಅಂತಲೂ ನೋಡಿಸಿ. ಅಲ್ಲಿಯ ತನಕ ಲೋಡ್ ಹಾಕಿಕೊಂಡು ಘಾಟಿ ಇಳಿಯಬೇಡಿ.

ಬೆಡ್ ನಿಧಾನ ಆಗಿದ್ದಕ್ಕೆ ನಿಮ್ಮನ್ನೇ ಒಂದು ಪ್ರಶ್ನೆ ಕೇಳಬೇಕು. ಬೆಳಿಗ್ಗೆ ಮೊದಲ ಕೆಲಸಕ್ಕೆ ನಿಧಾನವಾ, ಅಥವಾ ನಾಲ್ಕೈದು ಸಲ ಎತ್ತಿ ಇಳಿಸಿ ಬಿಸಿ ಆದ ಮೇಲೆ ನಿಧಾನವಾ? ತಣ್ಣಗಿದ್ದಾಗ ನಿಧಾನ, ಆಮೇಲೆ ಸರಿ ಹೋಗುತ್ತದೆ ಅಂದರೆ ಟ್ಯಾಂಕಿನೊಳಗಿನ ಜಾಲರಿ ಫಿಲ್ಟರ್ ಕಟ್ಟಿರಬಹುದು, ಅಥವಾ ಎಣ್ಣೆ ಬೇಕಾದ್ದಕ್ಕಿಂತ ಗಟ್ಟಿ ಇರಬಹುದು. ಆಗ ಪಂಪ್ ಕೊಂಯ್ ಅಂತ ಅಳುತ್ತದೆ. ಬಿಸಿ ಆದ ಮೇಲೆ ನಿಧಾನ ಅಂದರೆ ಪಂಪ್ ಒಳಗೆ ಸವೆದಿರಬಹುದು. ತೆಳ್ಳಗಾದ ಎಣ್ಣೆ ಒಳಗಿಂದೊಳಗೇ ವಾಪಸ್ ಹರಿಯುತ್ತಿರಬಹುದು. ಮೊದಲನೆಯದು ಸಣ್ಣ ಖರ್ಚು, ಎರಡನೆಯದು ದೊಡ್ಡದು. ಅದಕ್ಕೇ ಪಂಪ್ ಬಿಚ್ಚಲು ಬಿಡುವ ಮುಂಚೆ ಜಾಲರಿ ತೊಳೆಸಿ, ರಿಟರ್ನ್ ಫಿಲ್ಟರ್ ಹೊಸದು ಹಾಕಿ ನೋಡಿ. ಎಣ್ಣೆ ಮಟ್ಟವನ್ನು ಸಿಲಿಂಡರ್ ಎಲ್ಲಾ ಒಳಗೆ ಹೋದ ಮೇಲೆ, ಅಂದರೆ ಬೆಡ್ ಪೂರ್ತಿ ಮಡಚಿಕೊಂಡ ಮೇಲೆ ನೋಡಬೇಕು. ಬೆಡ್ ಎತ್ತಿಟ್ಟು ನೋಡಿ ‘ಕಡಿಮೆ ಇದೆ’ ಅಂತ ತುಂಬಿಸಿದರೆ ಇಳಿಸುವಾಗ ಉಕ್ಕಿ ಚೆಲ್ಲುತ್ತದೆ. ಎಣ್ಣೆ ಎಷ್ಟು ಗಟ್ಟಿ ಅನ್ನೋದಕ್ಕೆ ನಂಬರ್ ಇರುತ್ತದೆ, 46 ಇದ್ದರೆ 46, 68 ಇದ್ದರೆ 68. ಎರಡನ್ನೂ ಬೆರೆಸಬೇಡಿ. 1,000 ಗಂಟೆ ಅಥವಾ ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಬಿಳಿಚಿಕೊಂಡಿದ್ದರೆ ನೀರು ಸೇರಿದೆ, ಗಂಟೆ ನೋಡಬೇಡಿ, ಆಗಲೇ ಬದಲಾಯಿಸಿ.

ಒಂದು ಮಾತು ಇಲ್ಲಿ ಗಟ್ಟಿಯಾಗಿ ಹೇಳಬೇಕು. ಎತ್ತಿದ ಬೆಡ್ ಕೆಳಗೆ ತಲೆ ಹಾಕುವ ಮುಂಚೆ ಕಬ್ಬಿಣದ ಆಸರೆ ಕೊಡಿ. ಹೈಡ್ರಾಲಿಕ್ ಹಿಡಿದುಕೊಂಡಿದೆ ಅಂತ ನಂಬಬೇಡಿ. ಒಂದು ಹೋಸ್ ಒಡೆದರೆ ಕೂಗುವಷ್ಟೂ ಹೊತ್ತು ಸಿಗಲ್ಲ. ಹೋಸಿನ ಮೇಲಿನ ರಬ್ಬರ್ ಬಿರಿದು ಒಳಗಿನ ತಂತಿ ಕಂಡರೆ ಅದರ ಕಾಲ ಮುಗಿಯಿತು. ಸೋರುವ ಜಾಗ ಹುಡುಕಲು ಬರಿಗೈ ಆಡಿಸಬೇಡಿ. ಸೂಜಿಯಂಥ ಧಾರೆ ಚರ್ಮದೊಳಗೇ ಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ.

ವಿಂಚ್ ರೋಪ್ ಬಗ್ಗೆ ನೀವು ಏನೂ ಕೇಳಿಲ್ಲ. ಯಾರೂ ಕೇಳಲ್ಲ. ಸುಮಾರು ವರ್ಷಗಳ ಹಿಂದೆ, ಜುಲೈ ತಿಂಗಳು, ಮಾರನಹಳ್ಳಿ ದಾಟಿ ಒಂದು ತಿರುವಿನಲ್ಲಿ ಚರಂಡಿಗೆ ಇಳಿದ ಕಾರನ್ನು ಎಳೆಯುತ್ತಿದ್ದೆ. ರಾತ್ರಿ, ಮಳೆ. ರೋಪ್ ಬಿಗಿ ಆಯ್ತು, ಕಾರು ಒಂದು ಗೇಣು ಮೇಲೆ ಬಂತು, ಟಪ್ ಅಂತ ಸದ್ದು. ಕೊಕ್ಕೆ ಕಟ್ಟಿದ ತುದಿಯಿಂದ ರೋಪ್ ಕಿತ್ತುಕೊಂಡು ಬಂದು ನನ್ನ ಗಾಡಿಯ ಮೇಲಿದ್ದ ಹಳದಿ ದೀಪವನ್ನು ಬುಡದ ಸಮೇತ ಒಯ್ದಿತು. ನಾನು ನಿಂತಿದ್ದು ಅಲ್ಲಿಂದ ನಾಲ್ಕು ಹೆಜ್ಜೆ. ಬೆಳಿಗ್ಗೆ ನೋಡಿದರೆ ರೋಪ್ ತುಂಡಾಗಿರಲಿಲ್ಲ, ಯು-ಕ್ಲಿಪ್‌ನಿಂದ ಜಾರಿತ್ತು. ಕ್ಲಿಪ್ ತಿರುಗಾಮುರುಗಾ ಹಾಕಿತ್ತು. ಹಾಕಿದ್ದು ಬೇರೆ ಯಾರೂ ಅಲ್ಲ, ನಾನೇ.

ಆ ಕ್ಲಿಪ್ಪಿನಲ್ಲಿ ಎರಡು ಭಾಗ. ಒಂದು ಯು ಆಕಾರದ ಬೋಲ್ಟು, ಇನ್ನೊಂದು ನಟ್ ಕೂರುವ ದಪ್ಪ ತಳ. ದಪ್ಪ ತಳ ಯಾವಾಗಲೂ ಭಾರ ಎಳೆಯುವ ಉದ್ದದ ರೋಪ್ ಮೇಲೆ ಕೂರಬೇಕು. ಯು ಬೋಲ್ಟಿನ ಬಾಗು ಮಡಚಿದ ಗಿಡ್ಡ ತುದಿಯನ್ನು ಕಚ್ಚಬೇಕು. ಉಲ್ಟಾ ಹಾಕಿದರೆ ಬಾಗು ಭಾರ ಎಳೆಯುವ ರೋಪನ್ನೇ ಜಜ್ಜುತ್ತದೆ. ಕಡಿಮೆ ಅಂದರೂ ಮೂರು ಕ್ಲಿಪ್, ಮೂರೂ ಒಂದೇ ದಿಕ್ಕಿಗೆ. ಒಂದು ಸಲ ಲೋಡ್ ಎಳೆದ ಮೇಲೆ ನಟ್ ಮತ್ತೆ ಬಿಗಿ ಮಾಡಬೇಕು, ರೋಪ್ ಭಾರಕ್ಕೆ ತೆಳುವಾಗಿರುತ್ತದೆ.

ರೋಪ್ ಯಾವಾಗ ಎಸೆಯಬೇಕು ಅನ್ನೋದಕ್ಕೂ ಲೆಕ್ಕ ಇದೆ. ರೋಪಿನ ಒಂದು ಎಳೆ ಪೂರ್ತಿ ಒಂದು ಸುತ್ತು ಸುತ್ತಿ ಬರುವಷ್ಟು ಉದ್ದ ತಗೊಳ್ಳಿ. ಹತ್ತು ಎಂ.ಎಂ. ರೋಪಿನಲ್ಲಿ ಅದು ಸುಮಾರು ಆರೇಳು ಸೆಂ.ಮೀ. ಅಷ್ಟರೊಳಗೆ ಒಟ್ಟು ಆರು ತಂತಿ, ಅಥವಾ ಒಂದೇ ಎಳೆಯಲ್ಲಿ ಮೂರು ತಂತಿ ತುಂಡಾಗಿದ್ದರೆ ರೋಪ್ ಬದಲಾಯಿಸಿ. ಗಂಟಿನ ಹಾಗೆ ಮುರಿದು ಬಾಗಿದ್ದರೆ, ಎಳೆ ಬಿಚ್ಚಿ ಪಂಜರದ ಹಾಗೆ ಉಬ್ಬಿದ್ದರೆ ತಂತಿ ಎಣಿಸುವ ಕೆಲಸವೇ ಬೇಡ. ರೋಪ್ ನೋಡುವಾಗ ದಪ್ಪ ಚರ್ಮದ ಗ್ಲೌಸ್ ಹಾಕಿ. ಮಳೆಗಾಲದಲ್ಲಿ ಒದ್ದೆ ರೋಪನ್ನು ಹಾಗೇ ಡ್ರಮ್ಮಿಗೆ ಸುತ್ತಿಟ್ಟರೆ ಒಳಗಿಂದ ತುಕ್ಕು ಹಿಡಿಯುತ್ತದೆ, ಮೇಲೆ ಹೊಳೆಯುತ್ತಲೇ ಇರುತ್ತದೆ. ತಿಂಗಳಿಗೊಮ್ಮೆ ಪೂರ್ತಿ ಬಿಚ್ಚಿ, ಒರೆಸಿ, ತೆಳು ಎಣ್ಣೆ ಸವರಿ, ಸ್ವಲ್ಪ ಭಾರ ಕೊಟ್ಟು ಒತ್ತೊತ್ತಾಗಿ ಸುತ್ತಿ. ಎಷ್ಟೇ ದೂರ ಎಳೆದರೂ ಡ್ರಮ್ ಮೇಲೆ ಐದು ಸುತ್ತು ಉಳಿಯಲಿ. ಮತ್ತೆ ಎಳೆಯುವಾಗ ರೋಪಿನ ನಡುವೆ ಒಂದು ಒದ್ದೆ ಗೋಣಿಚೀಲ ಹಾಕಿ. ತುಂಡಾದರೆ ಅದರ ಭಾರಕ್ಕೆ ನೆಲಕ್ಕೆ ಬೀಳುವ ಸಾಧ್ಯತೆ ಜಾಸ್ತಿ. ಆ ರಾತ್ರಿ ನಾನು ಹಾಕಿರಲಿಲ್ಲ.

ಟೈರಿನದ್ದು ನಿಮಗೆ ಗೊತ್ತೇ ಇರುತ್ತದೆ. ಎರಡು ವಿಷಯ ಮಾತ್ರ ನೆನಪಿಸುತ್ತೇನೆ. ಹಿಂದಿನ ಜೋಡಿ ಟೈರುಗಳಲ್ಲಿ ಒಳಗಿನದ್ದರ ಗಾಳಿ ಯಾರೂ ನೋಡಲ್ಲ. ಅದರಲ್ಲಿ ಗಾಳಿ ಕಡಿಮೆ ಆದರೆ ಭಾರ ಎಲ್ಲಾ ಹೊರಗಿನದ್ದಕ್ಕೆ ಬಿದ್ದು ಅದು ಕಾದು ಹೊಡೆಯುತ್ತದೆ. ವಾಲ್ವಿಗೆ ಉದ್ದದ ಪೈಪ್ ಹಾಕಿಸಿಕೊಂಡರೆ ನೋಡಲು ಸುಲಭ. ಎರಡನೆಯದು, ಚಕ್ರ ಬಿಚ್ಚಿ ಹಾಕಿಸಿದ ಮೇಲೆ 50ರಿಂದ 100 ಕಿ.ಮೀ. ಒಳಗೆ ನಟ್ ಮತ್ತೊಮ್ಮೆ ಬಿಗಿ ಮಾಡಿ.

ರೇಡಿಯೇಟರಿಗೆ ಬರೀ ಬಾವಿ ನೀರು ಸುರಿಯುತ್ತಿದ್ದರೆ ನಿಲ್ಲಿಸಿ, ಕೂಲೆಂಟ್ ಹಾಕಿ. ನಿಂತಲ್ಲೇ ದುಡಿಯುವಾಗ ಮುಂದಿನಿಂದ ಗಾಳಿ ಬರಲ್ಲ, ತಂಪು ಮಾಡೋದೆಲ್ಲ ಫ್ಯಾನಿನ ಕೆಲಸ. ರೇಡಿಯೇಟರ್ ರೆಕ್ಕೆಗಳ ಸಂದಿಯ ಧೂಳನ್ನು ಇಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲಗಿನ ನೀರಿನಿಂದ ತೊಳೆಯಿರಿ. ಜೋರು ಪ್ರೆಷರ್ ಬಿಟ್ಟರೆ ರೆಕ್ಕೆ ಮಲಗಿಬಿಡುತ್ತವೆ. ಘಾಟಿ ಹತ್ತಿ ಬಂದ ತಕ್ಷಣ ಕೀ ತಿರುಗಿಸಿ ಆಫ್ ಮಾಡಬೇಡಿ, ಎರಡು ನಿಮಿಷ ಓಡಲಿ, ಟರ್ಬೋ ತಣ್ಣಗಾಗಬೇಕು. ವಾಟರ್ ವಾಶ್ ಮಾಡಿಸಿದ ದಿನವೇ ಪಿನ್ನು, ಬುಶ್ಶು, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಬೆಡ್ ಜಾರುವ ಹಳಿ ಎಲ್ಲಕ್ಕೂ ಗ್ರೀಸ್ ಹೊಡೆಸಿ. ಹಳೇ ಗ್ರೀಸ್ ಹೊರಗೆ ಬರುವ ತನಕ ಹೊಡೆಯಬೇಕು, ಗನ್ನಿನಲ್ಲಿ ಎರಡು ಸಲ ಒತ್ತಿ ಮುಂದಕ್ಕೆ ಹೋಗೋದಲ್ಲ.

ಇಷ್ಟೆಲ್ಲ ನೆನಪಿನಲ್ಲಿ ಉಳಿಯಲ್ಲ. ನೂರು ಪುಟದ ನೋಟ್‌ಬುಕ್ ಒಂದು ಡ್ಯಾಶ್‌ಬೋರ್ಡಿನಲ್ಲಿ ಇಡಿ. ದಿನಾ ಸಂಜೆ ಒಂದು ಸಾಲು: ತಾರೀಕು, ಅವರ್ ಮೀಟರ್, ಕಿ.ಮೀ., ಏನು ಎಳೆದಿರಿ, ಏನು ಸದ್ದು ಬಂತು. ‘ಕ್ಲಚ್ ವಾಸನೆ ಬಂತು’ ಅಂತ ಒಂದೇ ಜಾಗದ ಮುಂದೆ ಮೂರು ಸಲ ಬರೆದಿದ್ದರೆ ಆ ಜಾಗದಲ್ಲಿ ಲೋಡ್ ಮಾಡುವ ರೀತಿ ಬದಲಾಯಿಸಬೇಕು ಅಂತ ನಿಮಗೇ ಹೊಳೆಯುತ್ತದೆ. ಮುಂದೆ ಮಾರುವಾಗಲೂ ಆ ಪುಸ್ತಕಕ್ಕೆ ಬೆಲೆ ಇದೆ.

ಮಾರೋದಾದರೆ ಯಾವಾಗ? ಚಾಸಿಯಲ್ಲಿ ಬಿರುಕು ಬಿಟ್ಟು ವೆಲ್ಡಿಂಗ್ ಮೇಲೆ ವೆಲ್ಡಿಂಗ್ ಮಾಡಿದ್ದು ಕಂಡರೆ, ಅಥವಾ ವೇಬ್ರಿಡ್ಜ್ ಚೀಟಿ ನೋಡಿದಾಗ ನೀವು ತರುವ ಗಾಡಿಗಳ ತೂಕಕ್ಕೆ ಇದು ಚಿಕ್ಕದಾಯ್ತು ಅಂತ ಖಾತ್ರಿ ಆದರೆ ಮಾರಿ, ದೊಡ್ಡದು ತಗೊಳ್ಳಿ. ಅಂಡರ್‌ಲಿಫ್ಟ್ ಚಾಸಿಗೆ ಸೇರುವ ಮೂಲೆಗಳನ್ನು ಟಾರ್ಚ್ ಹಿಡಿದು ನೋಡಿ. ಪೇಂಟಿನ ಮೇಲೆ ಸಣ್ಣ ತುಕ್ಕಿನ ಗೆರೆ ಇದ್ದರೆ ಅದರ ಕೆಳಗೆ ಬಿರುಕು ಇರಬಹುದು.

ಈ ವಾರ ಬ್ರೇಕ್ ಕೆಲಸ ಮುಗಿಸಿ, ಅದು ಮೊದಲು. ಆಮೇಲೆ ಎರಡನೇ ಸಲ ಕ್ಲಚ್ ಹಾಕಿದ ಬಿಲ್ ಹುಡುಕಿ, ಅದರಲ್ಲಿ ಫ್ಲೈವೀಲ್ ಫೇಸಿಂಗ್ ಅಂತ ಲೇತಿನವರ ಚಾರ್ಜ್ ಇದೆಯಾ ನೋಡಿ. ಇಲ್ಲದಿದ್ದರೆ ಮೂರನೇ ಕ್ಲಚ್ ಯಾವಾಗ ಹೋಗುತ್ತದೆ ಅಂತ ಈಗಲೇ ಅಂದಾಜು ಮಾಡಬಹುದು. ಇನ್ನೊಮ್ಮೆ ಬರೆಯುವಾಗ ಬೆಡ್ ಬೆಳಿಗ್ಗೆ ನಿಧಾನವೋ, ಬಿಸಿ ಆದ ಮೇಲೆ ನಿಧಾನವೋ ಅನ್ನೋದನ್ನೂ ತಿಳಿಸಿ.